ಹತ್ತು ಸೆಕೆಂಡಿನ ದೂರ

ಕಟ್ಟುಹಲ್ಲು ಮಾಡುವ ಆತನಿಗೆ ಭಾವ ಇಟ್ಟಿದ್ದ ಅಡ್ಡಹೆಸರು ತಕ್ಕಡಿ. ಅದಕ್ಕೆ ಕಾರಣವಿತ್ತು. ಹಗಲಿಡೀ ಊರಿನ ಬೊಚ್ಚುಬಾಯಿಗಳಿಗಾಗಿ ಗುಲಾಬಿ ಬಣ್ಣದ ಪುಡಿಯನ್ನು ಗ್ರಾಮಿನ ಲೆಕ್ಕದಲ್ಲಿ ತೂಗಿ, ಕಲಸಿ, ಅಚ್ಚಿಗೆ ತುಂಬುವ ಆತ ಲ್ಯಾಬಿನ ಬಾಗಿಲು ಹಾಕಿದ ಮೇಲೂ ತೂಗುವುದನ್ನು ಬಿಡುತ್ತಿರಲಿಲ್ಲ. ಬೆಟ್ಟಕ್ಕೆ ಹೊರಡುವ ಮುನ್ನ ಕಾಲುಚೀಲವನ್ನು ತೂಗುತ್ತಿದ್ದ. ಭಾರ ಕಡಿಮೆಯಾಗಲೆಂದು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿದ್ದ. ಇಷ್ಟೆಲ್ಲ ಮಾಡಿ, ತನ್ನ ದೊಡ್ಡ ಕ್ಯಾಮೆರಾ, ಅದರ ಉದ್ದ ಲೆನ್ಸು, ಮೂರು ಕಾಲಿನ ಸ್ಟ್ಯಾಂಡು ಇಷ್ಟನ್ನೂ ಒಂದು ಚೀಲಕ್ಕೆ ತುಂಬಿ ಭಾವನ ಬೆನ್ನಿಗೇರಿಸುತ್ತಿದ್ದ.

"ನನ್ನ ಗಂಡನ್ನ ಕತ್ತೆ ಮಾಡ್ಕೊಂಡಿದ್ದೀಯಲ್ಲೋ," ಎಂದು ಅಕ್ಕ ಬೈದರೆ ಭಾವನೇ ಅಡ್ಡ ಬರುತ್ತಿದ್ದರು. "ಬಿಡೇ, ಬೆನ್ನ ಮೇಲೆ ಭಾರ ಇದ್ರೆ ಗಾಳಿಗೆ ಹಾರಿಹೋಗಲ್ಲ ನಾನು."

ಹತ್ತೊಂಬತ್ತು ವರ್ಷ ಹಾಗೆ ನಡೆದಿದ್ದರು. ಭಾವ ಹೊರುವುದು, ಆತ ತೆಗೆಯುವುದು. ಬೆಟ್ಟದ ನೆತ್ತಿ ಬಂದೊಡನೆ ಭಾವ ಕೆಂಪು ಟೋಪಿ ಹಾಕಿಕೊಂಡು ದೂರದ ಬಂಡೆಯೊಂದನ್ನು ಹತ್ತಿ, ಬಲಗೈ ಎತ್ತಿ, ಇಲ್ಲಿ ಸಾಕೇ ಎಂದು ಸನ್ನೆಯಲ್ಲೇ ಕೇಳುತ್ತಿದ್ದರು. ಆತ ಇಲ್ಲಿಂದ ಕೂಗುತ್ತಿದ್ದ: "ಎರಡು ಹೆಜ್ಜೆ ಎಡಕ್ಕೆ, ಭಾವ." ಬೆರಳಿನ ಉಗುರಿನಷ್ಟು ಕಾಣುವ ಆ ಕೆಂಪು ಟೋಪಿಯ ಪಕ್ಕದಲ್ಲಿ ಬೆಟ್ಟ ಬೆಟ್ಟವಾಗುತ್ತಿತ್ತು.

ಹೋದ ವರ್ಷ ಎರಡನೆಯ ತಿರುವಿನಲ್ಲೇ ಭಾವ ಕಲ್ಲೊಂದರ ಮೇಲೆ ಕುಳಿತುಬಿಟ್ಟರು. ಮೊಣಕಾಲು ಉಬ್ಬಿತ್ತು. "ನೀ ಹೋಗ್ಬಾ ತಕ್ಕಡಿ, ನಾನು ಇಲ್ಲೇ ಇರೋ ಇರುವೆಗಳನ್ನ ಎಣಿಸ್ತಿರ್ತೀನಿ," ಎಂದರು. ಆತ ಚೀಲ ಹೊತ್ತು ಒಬ್ಬನೇ ಹತ್ತಿದ. ಹತ್ತೊಂಬತ್ತು ವರ್ಷಗಳಲ್ಲಿ ಆ ಚೀಲ ಅವನ ಬೆನ್ನಿಗೆ ಬಂದದ್ದು ಅದೇ ಮೊದಲು. ಭಾರಕ್ಕೆ ಅಲ್ಲಲ್ಲಿ ಕೂತೆದ್ದು ನೆತ್ತಿ ಮುಟ್ಟುವಾಗ ಬೆಳಕು ಸತ್ತಿತ್ತು. ತೆಗೆದ ಚಿತ್ರಗಳಲ್ಲಿ ಬೆಟ್ಟ ಬೂದಿಯ ಗುಡ್ಡೆಯಂತೆ ಬಂದಿತ್ತು. ಆಮೇಲೆ ಭಾವನ ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಮನೆಯೊಳಗೆ ಕೋಲೂರಿ ನಡೆಯಬಹುದು, ಬೆಟ್ಟದ ಹೆಸರೆತ್ತಬಾರದು ಎಂದು ವೈದ್ಯರು ಹೇಳಿದರು.

ಮದುವೆಯ ಮಾತು ಬಂದಾಗಲೆಲ್ಲ ಬೆಟ್ಟ ಹತ್ತಿ ತಪ್ಪಿಸಿಕೊಂಡವನು ಆತ. ಬೆಟ್ಟವನ್ನೂ ಬಿಟ್ಟರೆ ಬದುಕಿನಲ್ಲಿ ಉಳಿಯುವುದು ಬೇರೆಯವರ ಬಾಯಿಗಳು ಮಾತ್ರ. ಎಂಟು ತಿಂಗಳು ಭಾನುವಾರಗಳನ್ನು ಕಿಟಕಿಯ ಬಳಿ ಕುಳಿತು ಕಳೆದು, ಕೊನೆಗೊಂದು ದಿನ ಅವನು ತೀರ್ಮಾನಕ್ಕೆ ಬಂದ: ತಪ್ಪೆಲ್ಲ ಭಾರದ್ದು. ಕೈಗೆ ಹಗುರವಾದ ಕ್ಯಾಮೆರಾ ಒಂದು ಸಿಕ್ಕರೆ ಒಬ್ಬನೇ ಹೋಗಬಹುದು.

ಹಳೆಯ ಕ್ಯಾಮೆರಾಗಳ ಅಂಗಡಿ ಒಂದು ಸಂದಿಯ ಕೊನೆಯಲ್ಲಿತ್ತು. ಗೋಡೆಯುದ್ದಕ್ಕೂ ಗಾಜಿನ ಕಪಾಟು. ಒಳಗೆ ಯಾರೋ ಯಾವ ಯಾವುದೋ ಕಾಲದಲ್ಲಿ ನೋಡಿ ಬಿಟ್ಟುಹೋದ ಕಣ್ಣುಗಳಂತೆ ಸಾಲು ಸಾಲು ಲೆನ್ಸುಗಳು. ಅಂಗಡಿಯ ಒಡತಿ ಅರವತ್ತರ ಆಸುಪಾಸಿನ ಹೆಂಗಸು. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಸಣ್ಣ ಬ್ರಷ್ಷಿನಿಂದ ಧೂಳು ತೆಗೆಯುತ್ತಿದ್ದಳು. ಆತ ಜೇಬಿನಿಂದ ಲ್ಯಾಬಿನ ಪುಟ್ಟ ತೂಕದ ಯಂತ್ರ ತೆಗೆದು ಮೇಜಿನ ಮೇಲಿಟ್ಟಾಗ ಆಕೆ ಕನ್ನಡಕವನ್ನು ಕೆಳಗಿಳಿಸಿದಳು.

"ಕ್ಯಾಮೆರಾ ಬೇಕೋ, ಟೊಮೆಟೊ ಬೇಕೋ?"

"ಕಟ್ಟುಹಲ್ಲು ಮಾಡ್ತೀನಿ, ತೂಗೋದು ಅಭ್ಯಾಸ. ಬೆಟ್ಟಕ್ಕೆ ಒಯ್ಯೋದು, ನಾನೂರು ಗ್ರಾಂ ಒಳಗೆ ಇರಬೇಕು ಮೇಡಂ. ಬ್ಯಾಟರಿ, ಲೆನ್ಸು ಎಲ್ಲಾ ಸೇರಿ."

"ತಗೊಳ್ಳೋರು ಚಿತ್ರ ಹೇಗೆ ಬರುತ್ತೆ ಅಂತ ಕೇಳ್ತಾರೆ, ಎಷ್ಟು ಓಡಿದೆ ಅಂತ ಕೇಳ್ತಾರೆ. ತೂಗಿ ತಗೊಳ್ಳೋರನ್ನ ಇವತ್ತೇ ನೋಡಿದ್ದು." ಆದರೂ ಆಕೆ ಎರಡನ್ನು ತೆಗೆದು ಮುಂದಿಟ್ಟಳು. ಒಂದು ಮುನ್ನೂರ ಎಪ್ಪತ್ತೊಂದು ಗ್ರಾಂ. ಮೂಲೆಗಳಲ್ಲಿ ಬಣ್ಣ ಸವೆದಿದ್ದರೂ ಲೆನ್ಸಿನಲ್ಲಿ ಒಂದು ಗೆರೆಯೂ ಇರಲಿಲ್ಲ. ಇನ್ನೊಂದು ನಾನೂರ ಐವತ್ತೆಂಟು.

ಆತ ಮೊದಲನೆಯದನ್ನು ಎತ್ತಿಕೊಂಡ. ಆಕೆ ಬಾಯಿಬಿಟ್ಟು ಹೇಳಿದಳು: "ಅದರಲ್ಲಿ ಒಂದು ಕೊರತೆ ಇದೆ. ಸೆಲ್ಫ್ ಟೈಮರ್ ಗುಂಡಿ ಸತ್ತಿದೆ. ಕ್ಯಾಮೆರಾ ಇಟ್ಟು, ಓಡಿಹೋಗಿ ಮುಂದೆ ನಿಂತ್ಕೊಳ್ಳೋದಕ್ಕೆ ಆಗಲ್ಲ. ಬೆಟ್ಟಕ್ಕೆ ಯಾರ ಜೊತೆ ಹೋಗ್ತೀರಿ?"

"ಒಬ್ಬನೇ."

"ಹಾಗಾದ್ರೆ ಇನ್ನೊಂದನ್ನ ತಗೊಳ್ಳಿ."

"ನನ್ನ ಮುಖದ ಫೋಟೋ ನನಗ್ಯಾಕೆ ಮೇಡಂ? ಕನ್ನಡಿ ಇದೆಯಲ್ಲ ಮನೇಲಿ."

ಆಕೆ ಅವನ ಮುಖವನ್ನೊಮ್ಮೆ ನೋಡಿ ಚೀಟಿ ಬರೆದಳು. ಒಂದು ವಾರದೊಳಗೆ ಬೇಡವೆನಿಸಿದರೆ ತಂದು ಬದಲಾಯಿಸಿಕೊಳ್ಳಬಹುದು ಎಂಬ ಮಾತನ್ನೂ ಅದರ ಕೆಳಗೇ ಬರೆದು ಕೊಟ್ಟಳು.

ಆ ಭಾನುವಾರ ಆತ ಬೆಟ್ಟವನ್ನು ಹತ್ತಿದ ಎನ್ನುವುದಕ್ಕಿಂತ ಬೆಟ್ಟವೇ ಅವನನ್ನು ಎತ್ತಿಕೊಂಡಿತು ಎನ್ನಬೇಕು. ಕ್ಯಾಮೆರಾ ಜೇಬಿನಲ್ಲಿ ಇದೆಯೋ ಇಲ್ಲವೋ ಎಂದು ಮೂರು ಸಲ ಮುಟ್ಟಿ ನೋಡಿಕೊಂಡ. ಎರಡನೆಯ ತಿರುವಿನ ಕಲ್ಲಿನ ಬಳಿ ಮಾತ್ರ, ಹೇಳದೆ ಕೇಳದೆ, ಕಾಲುಗಳು ತಾವಾಗಿಯೇ ನಿಂತವು. ಬೆಳಕು ಎಳೆಯದಾಗಿರುವಾಗಲೇ ನೆತ್ತಿಯಲ್ಲಿದ್ದ. ಇಷ್ಟು ಬೇಗ ಬಂದದ್ದೇ ಇಲ್ಲ.

ಚೌಕಟ್ಟಿನೊಳಗೆ ನೋಡಿದ. ಭಾವ ನಿಲ್ಲುತ್ತಿದ್ದ ಬಂಡೆ ಅಂಗೈಯಲ್ಲಿ ಹಿಡಿಯಬಹುದಾದ ಉರುಟು ಕಲ್ಲಿನಂತೆ ಕಂಡಿತು. ಅದರ ಹಿಂದಿನ ಕಮರಿ ಚರಂಡಿಯಂತಿತ್ತು. ಭಾವನ ಬದಲು ತನ್ನ ಚೀಲವನ್ನು ಬಂಡೆಯ ಮೇಲೆ ನಿಲ್ಲಿಸಿ ಬಂದು ನೋಡಿದ; ಚೀಲ ಚೀಲದಂತೆಯೇ ಕಂಡಿತು. ಯಾರಾದರೂ ಬಂದಾರೆಂದು ಕಾದ. ಹೊತ್ತು ನೆತ್ತಿಗೇರಿದ ಮೇಲೆ ಒಂದು ಗುಂಪು ಬಂತು. ನಗುತ್ತ, ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿಕೊಂಡು ಬಂತು. "ಸ್ವಲ್ಪ ಆ ಬಂಡೆ ಹತ್ತಿ ನಿಲ್ತೀರಾ?" ಎಂದು ಅಪರಿಚಿತರನ್ನು ಹೇಗೆ ಕೇಳುವುದು? ಮಾತನ್ನು ತೂಗುತ್ತಲೇ ಇದ್ದ; ಅಷ್ಟರಲ್ಲಿ ಅವರು ಇಳಿದು ಹೋಗಿದ್ದರು. ಅವರಲ್ಲೊಬ್ಬಳು ಹೋಗುವ ಮುನ್ನ, "ಅಂಕಲ್, ನಿಮ್ಮವರು ಹಿಂದೆ ಬರ್ತಿದ್ದಾರಾ?" ಎಂದು ಕೇಳಿದಳು. ಆತ ಹೌದೆಂದು ತಲೆಯಾಡಿಸಿದ.

ಸಂಜೆ ಅಕ್ಕನ ಮನೆಗೆ ಹೋದ. ಭಾವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಎರಡೂ ಕಾಲುಗಳನ್ನು ಮಣೆಯ ಮೇಲೆ ಚಾಚಿ ಕುಳಿತಿದ್ದರು. ಪುಟ್ಟ ಕ್ಯಾಮೆರಾವನ್ನು ಅಂಗೈಯಲ್ಲಿ ಕುಣಿಸಿ ನೋಡಿದರು.

"ಇದನ್ನ ಹೊರೋದಕ್ಕೆ ನಾನು ಬೇಕಾಗಿಲ್ಲ ಬಿಡು. ಅಳಿಲು ಸಾಕು."

"ಚಿತ್ರ ನೋಡಿ ಭಾವ."

ಅವರು ಕಣ್ಣು ಕಿರಿದು ಮಾಡಿ ಒಂದೊಂದಾಗಿ ಸರಿಸಿದರು. ಮುಗಿದ ಮೇಲೆ ಮತ್ತೆ ಮೊದಲಿನಿಂದ ಸರಿಸಿದರು. "ಚೆನ್ನಾಗಿದೆ. ಇದ್ಯಾವ ಗುಡ್ಡ?"

ತಮಾಷೆಯಿರಬೇಕೆಂದು ಆತ ಮುಖ ನೋಡಿದ. ತಮಾಷೆಯಾಗಿರಲಿಲ್ಲ. ನಲವತ್ತು ಸಲ ಹತ್ತಿಳಿದ ಬೆಟ್ಟ, ಹತ್ತೊಂಬತ್ತು ವರ್ಷ ತಾವೇ ನಿಂತ ಬಂಡೆ. ಭಾವನಿಗೆ ಗುರುತೇ ಸಿಕ್ಕಿರಲಿಲ್ಲ.

"ಹೊಸದು," ಎಂದ ಆತ. "ಸಣ್ಣ ಗುಡ್ಡ."

"ಹಾಗೇ ಅಂದ್ಕೊಂಡೆ," ಎಂದು ಭಾವ ಕ್ಯಾಮೆರಾ ಹಿಂದಿರುಗಿಸಿದರು. ಅಕ್ಕ ಚಹಾ ತಂದಳು. ಆತ ಕುಡಿದನೋ ಬಿಟ್ಟನೋ, ಮನೆಗೆ ಬಂದ ಮೇಲೆ ನೆನಪಿರಲಿಲ್ಲ.

ಮರುದಿನ ಅಂಗಡಿಯ ಒಡತಿ ಅವನನ್ನು ಕಂಡೊಡನೆ ನಾನೂರ ಐವತ್ತೆಂಟು ಗ್ರಾಮಿನದನ್ನು ಕಪಾಟಿನಿಂದ ತೆಗೆದು ಮುಂದಿಟ್ಟಳು. ಮಾರದೆ ಪಕ್ಕಕ್ಕಿಟ್ಟಿದ್ದಳೆಂದು ಕಾಣುತ್ತದೆ.

"ತಕ್ಕಡಿ ತರಲಿಲ್ವಾ?"

"ಮರೆತೆ."

"ಬನ್ನಿ, ಟೈಮರ್ ತೋರಿಸ್ತೀನಿ." ಆಕೆ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದಳು. "ಹತ್ತು ಸೆಕೆಂಡು. ನಡೀರಿ."

ಆತ ಅಂಗಡಿಯ ಕೊನೆಯವರೆಗೆ ನಡೆದು ತಿರುಗಿದ. ಪುಟ್ಟ ದೀಪ ಮಿಣುಕುತ್ತಿತ್ತು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಂದಕ್ಕೆ ಕಟ್ಟಿಕೊಂಡು, ತುಟಿ ಬಿಗಿದು ನಿಂತ.

"ಕಟ್ಟುಹಲ್ಲು ಮಾಡ್ತೀನಿ ಅಂತೀರಿ, ನಿಮಗೇ ಹಲ್ಲಿದ್ದ ಹಾಗೆ ಕಾಣಲ್ಲವಲ್ಲ," ಎಂದಳಾಕೆ, ಕ್ಯಾಮೆರಾ ಕ್ಲಿಕ್ಕೆಂದ ಮೇಲೆ.

ಮುಂದಿನ ಭಾನುವಾರ ನೆತ್ತಿಯಲ್ಲಿ ಆತ ಒಂದು ಸಂಗತಿಯನ್ನು ಕಲಿತ. ಐವತ್ತೆರಡು ವರ್ಷದ ಮನುಷ್ಯ ಒರಟು ಕಲ್ಲುಗಳ ಮೇಲೆ ಹತ್ತು ಸೆಕೆಂಡಿನಲ್ಲಿ ಇಡಬಲ್ಲದ್ದು ಹದಿಮೂರು ಹೆಜ್ಜೆ. ಭಾವನ ಬಂಡೆ ನಲವತ್ತು ಹೆಜ್ಜೆಯಾಚೆಗಿತ್ತು. ಆರು ಸಲ ಓಡಿದ. ಆರು ಚಿತ್ರಗಳಲ್ಲೂ ಒಬ್ಬ ಮನುಷ್ಯ ಬೆನ್ನು ತೋರಿಸಿ ಎಲ್ಲಿಗೋ ಹೋಗುತ್ತಿದ್ದ. ಅವನನ್ನು ಕೂಗಿ ಕರೆಯುವವರು ಯಾರೂ ಇಲ್ಲವೆಂಬುದು ಬೆನ್ನಿನಲ್ಲೇ ಗೊತ್ತಾಗುತ್ತಿತ್ತು.

ಏಳನೆಯ ಸಲ ಆತ ಹದಿಮೂರನೆಯ ಹೆಜ್ಜೆಗೇ ನಿಂತು ತಿರುಗಿದ. ಬಲಗೈ ತಾನಾಗಿ ಮೇಲೆದ್ದಿತು. ಇಲ್ಲಿ ಸಾಕೇ? ಎದುರಿಗೆ ಕಲ್ಲಿನ ಮೇಲೆ ಕ್ಯಾಮೆರಾ ಒಂದೇ ಇತ್ತು. ಗಾಳಿ ಬೀಸಿತು, ದೀಪ ಮಿಣುಕಿತು. ಎಡಕ್ಕೋ ಬಲಕ್ಕೋ ಹೇಳುವವರಿರಲಿಲ್ಲ. ಕ್ಲಿಕ್ಕೆಂದಿತು. ಕೈ ಇಳಿಸಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಸಂಜೆ ಭಾವನ ಕೈಗೆ ಕ್ಯಾಮೆರಾ ಕೊಟ್ಟು, ಆತ ಮಣೆಯ ಪಕ್ಕದಲ್ಲಿ ಕುಳಿತ. ಭಾವ ಏಳನೆಯ ಚಿತ್ರಕ್ಕೆ ಬಂದವರು ಮುಂದಕ್ಕೆ ಸರಿಸಲಿಲ್ಲ. ಯಾವ ಗುಡ್ಡವೆಂದು ಕೇಳಲಿಲ್ಲ. ಕೈಯೆತ್ತಿ ನಿಂತವನನ್ನು ದಾಟಿ, ಅವನ ಹೆಗಲ ಹಿಂದೆ ಮತ್ತೆ ಹಿಂದಿನಷ್ಟೇ ದೊಡ್ಡದಾಗಿ, ಖಾಲಿಯಾಗಿ ಕುಳಿತಿದ್ದ ಬಂಡೆಯನ್ನೇ ಬಹಳ ಹೊತ್ತು ನೋಡಿದರು.

"ಎರಡು ಹೆಜ್ಜೆ ಎಡಕ್ಕೆ ನಿಲ್ಬೇಕಿತ್ತು ನೀನು," ಎಂದರು ಕೊನೆಗೆ. "ನನ್ನ ಜಾಗಕ್ಕೆ ಅಡ್ಡ ಬಂದಿದ್ದೀಯ."