ಎರಡು ಗೋತ್ರದ ಚೀಟಿ

ಅಮೆರಿಕದ ಎಲಿಕಾಟ್ ಸಿಟಿಯ ಕಮ್ಯೂನಿಟಿ ಹಾಲಿನಲ್ಲಿ ಸತ್ಯನಾರಾಯಣ ಪೂಜೆ. ಸಂಕಲ್ಪಕ್ಕೆ ಬಾಗಿಲ ಬಳಿಯ ಮೇಜಿನಲ್ಲಿ ಹೆಸರು ಬರೆದುಕೊಡಬೇಕು; ಪುರೋಹಿತರು ಮೈಕಿನಲ್ಲಿ ಓದುತ್ತಾರೆ. ದಂಪತಿಗೆ ಒಂದೇ ಚೀಟಿ, ಒಬ್ಬೊಬ್ಬರೇ ಬಂದವರಿಗೆ ಬೇರೆ ಬೇರೆ.

ನಾನು ಎರಡು ಚೀಟಿ ತೆಗೆದುಕೊಂಡೆ. ಒಂದರಲ್ಲಿ ನನ್ನ ಹೆಸರು ನೀರಜಾ ಎಂದು ಬರೆದೆ, ಇನ್ನೊಂದರಲ್ಲಿ ಗಂಗಾಂಬಿಕಾ ಎಂದು. ಹೋದ ವರ್ಷ ರಾಕ್‌ವಿಲ್ ಕೋರ್ಟಿನಲ್ಲಿ ನಾವಿಬ್ಬರೂ ಮದುವೆಯಾಗಿದ್ದೆವು. ಅಲ್ಲಿನ ಕ್ಲರ್ಕ್, ಉಂಗುರ ತಂದಿದ್ದೀರಾ ಎಂದಷ್ಟೇ ಕೇಳಿದ್ದರು. ಆದರೆ ಇಲ್ಲಿ ಇನ್ನೂರು ಜನ ಕನ್ನಡದವರು ಕೂತಿದ್ದರು.

ಗಂಗಾ ನನ್ನ ಭುಜದ ಮೇಲಿಂದ ಇಣುಕಿದಳು. ಅವಳು ಧಾರವಾಡದವಳು.

"ಕೋರ್ಟಿನ್ಯಾಗ ಒಂದ ಕಾಗದ, ದೇವ್ರ ಮುಂದ ಎರಡೇನ?"

"ಮೆಲ್ಲಗೆ ಮಾತಾಡೇ."

"ನಾ ಎಲ್ಲಿ ಒದರಾಕತ್ತೀನಿ? ನೀ ಬರದ ಹಂಗ ಆಗ್ಲಿ ಬಿಡು."

ನಗುತ್ತಲೇ ಹೇಳಿ ಚಪ್ಪಲಿ ಬಿಡಲು ಹೋದಳು. ತಿರುಗಿ ನೋಡಲಿಲ್ಲ.

ಎರಡನ್ನೂ ಮಡಚಿ ಪರ್ಸಿಗೆ ತುರುಕಿದೆ. ಮೂರನೆಯ ಚೀಟಿಯಲ್ಲಿ ಇಬ್ಬರ ಹೆಸರನ್ನೂ ಬರೆದು ಮುಂದಿಟ್ಟೆ. ಮೇಜಿನ ಹಿಂದಿದ್ದ ದತ್ತಾತ್ರೇಯ ಅಂಕಲ್ ಕನ್ನಡಕ ಏರಿಸಿ ಓದಿದರು. ಪ್ರತಿ ಚುನಾವಣೆಯಲ್ಲೂ ಮತಗಟ್ಟೆಯಲ್ಲಿ ಮತದಾರರ ಪಟ್ಟಿ ಹಿಡಿದು ಕೂರುವವರು ಅವರು.

"ಅಂಕಲ್, ಏನಂದ್ರೆ, ನಾವಿಬ್ರೂ..."

"ಇನ್‌ಕಂಪ್ಲೀಟ್ ಇದೆಯಮ್ಮ."

"ಏನು?"

"ಗೋತ್ರ. ಮದುವೆ ಆದ್ಮೇಲೆ ಗಂಡನ ಗೋತ್ರ ಹೇಳ್ತೀವಿ. ನಿಮ್ಮಲ್ಲಿ ಯಾರದ್ದು ಹಾಕೋದು?"

ಇಷ್ಟು ದಿನ ಏನೇನೋ ಪ್ರಶ್ನೆಗಳಿಗೆ ಉತ್ತರ ಸಿದ್ಧಮಾಡಿಕೊಂಡಿದ್ದೆ. ಅವರು ಕೇಳಿದ್ದು ಗೋತ್ರ.

"ನಂದು ಕಾಶ್ಯಪ, ಅವಳದು ನಂದಿ."

"ಎರಡೂ ಇರ್ಲಿ. ಭಟ್ರಿಗೆ ಒಂದು ಉಸಿರು ಜಾಸ್ತಿ, ಅಷ್ಟೇ."

"ಯಾರಾದ್ರೂ ಏನಾದ್ರೂ ಅಂದ್ರೆ, ಅಂಕಲ್?"

"ಓಟ್ ಮಾಡೋಕೆ ಬಂದೋರನ್ನ ಹೆಸರು, ಅಡ್ರೆಸ್, ಹುಟ್ಟಿದ ದಿನ ಕೇಳ್ತೀನಿ. ನಾಲ್ಕನೇ ಪ್ರಶ್ನೆ ಕೇಳೋಕೆ ನಂಗೆ ಪವರ್ ಇಲ್ಲ. ಅದೇ ಅಭ್ಯಾಸ ಆಗ್ಬಿಟ್ಟಿದೆ. ನೆಕ್ಸ್ಟ್!"

ಪುರೋಹಿತರು ನಮ್ಮ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದರು. ಆಮೇಲೆ ಎರಡು ಗೋತ್ರ, ಎರಡು ಹೆಸರು, ಅದೇ ರಾಗದಲ್ಲಿ ಓದಿದರು. ಮುಂದೆ ಕೂತಿದ್ದ ವರಲಕ್ಷ್ಮಿ ಆಂಟಿ ತಿರುಗಿ ನೋಡಿ, ಬೇಗನೆ ಮುಖ ಆಚೆ ಮಾಡಿಕೊಂಡರು. ಅಂಥದ್ದು ನನ್ನ ಕಣ್ಣಿಗೆ ಬೀಳದೆ ಇರುವುದಿಲ್ಲ. ಉಳಿದವರು ತಮ್ಮ ಹೆಸರಿಗಾಗಿ ಕಾಯುತ್ತಿದ್ದರು.

ಗಂಗಾ ಮೊಣಕೈ ತಾಗಿಸಿದಳು. "ಮೇರಿಲ್ಯಾಂಡಿನ್ಯಾಗ ನಮ್ಮ ನಂದಿ ಹೆಸ್ರು ಕೇಳಿಸ್ತಲ್ಲ!"

ಹೊರಡುವಾಗ ಪ್ರಸಾದದ ಪೊಟ್ಟಣಗಳ ಹತ್ತಿರ ಅಂಕಲ್ ನಿಂತಿದ್ದರು. ಥ್ಯಾಂಕ್ಸ್ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗಂಗಾ ಪೊಟ್ಟಣಕ್ಕೆ ಕೈ ಚಾಚಿದಳು, ನಾನೂ ಚಾಚಿದೆ.

"ಏಯ್, ದಂಪತಿಗೆ ಒಂದೇ ಕಣಮ್ಮ," ಎಂದರು ಅಂಕಲ್. "ರೂಲ್ ಅಂದ್ರೆ ರೂಲ್."

ಆ ಒಂದು ಪೊಟ್ಟಣಕ್ಕೆ ನಾನು ಎರಡೂ ಕೈ ಒಡ್ಡಿದೆ.