ಗಡ್ಡದೊಳಗಿನ ಕರೆಗಂಟೆ

ಒಂದೇ ಒಂದು ಕೂದಲು ಪರದೆಯ ಮೇಲೆ, ಬುಡ ದಪ್ಪ, ತುದಿ ಸಣ್ಣ, ಹೀಗೆ ಸಣ್ಣಗಾಗ್ತಾ ಹೋಗ್ಬೇಕು ಅಜ್ಜಿ, ಇಲ್ಲಾಂದ್ರೆ ತಂತಿ ಚುಚ್ಚಿದ ಹಾಗೆ ಕಾಣತ್ತೆ ಅಂದಿದ್ದಳು ಮುದ್ರಣದಂಗಡಿಯ ಹುಡುಗಿ, ಹೇಳಿಕೊಟ್ಟು ಏಳುವಾಗ ನನ್ನ ಬೆನ್ನಿಗೊಂದು ದಿಂಬು ಇಟ್ಟಳು, ಪರದೆಯ ಬಾಣವನ್ನು ದೊಡ್ಡದು ಮಾಡಿದಳು, ನಿಮಗೆ ಕಣ್ಣು ಕಾಣಲ್ಲ ಅಂತ ಬಾಯಿಬಿಟ್ಟು ಹೇಳಲಿಲ್ಲ – ನಮ್ಮನೆಯವರ ಗಡ್ಡ ಕಪ್ಪಲ್ಲ, ಬಿಳಿಯೂ ಅಲ್ಲ, ಸೀಮೆಸುಣ್ಣ ಒರೆಸಿದ ಬೋರ್ಡಿನ ಬಣ್ಣ, ಅಡಿಯಲ್ಲಿ ಕಪ್ಪು ಪದರ, ಮೇಲೆ ಬೂದಿ, ಅದರ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ಗೀರು, ಒಂದು ಬಾಗಿದಂತೆ ಇನ್ನೊಂದು ಬಾಗಬಾರದು, ಆಯುಷ್ಯವಿಡೀ ನುಣ್ಣಗೆ ಬೋಳಿಸಿಕೊಂಡ ಮನುಷ್ಯ, ಕಾಯಿಲೆ ಬಿದ್ದ ಮೇಲಷ್ಟೇ ಗಡ್ಡ ಬಿಟ್ಟರು, ಫೋಟೋ ತೆಗೆಯಹೋದರೆ ಅಂಗೈ ಅಡ್ಡ, ಈ ಮುಖ ಬೇಡ ಬಿಡೇ, ವಾಸಿಯಾಗ್ಲಿ, ಆಮೇಲೆ ಎಷ್ಟು ಬೇಕಾದ್ರೂ ತೆಗಿ, ಆ ಆಮೇಲೆ ಬರಲೇ ಇಲ್ಲ, ಉಳಿದದ್ದು ಆಫೀಸಿನ ಹಳೇ ಫೋಟೋ, ಅದನ್ನು ಗೋಡೆಗೆ ಹಾಕಿದ ದಿನ ಮೊಮ್ಮಗಳು ತಲೆ ಓರೆ ಮಾಡಿ, ಇವರ್ಯಾರು ಅಜ್ಜಿ, ನನ್ ತಾತಂಗೆ ಗಡ್ಡ ಇತ್ತು – ಅದಕ್ಕೇ ಅಲ್ಲವೇ ಈ ವಯಸ್ಸಿನಲ್ಲಿ ಮೌಸ್ ಹಿಡಿದದ್ದು, ಆ ನುಣುಪು ಕೆನ್ನೆಯ ಮೇಲೆ ಕೂದಲು ಕೂದಲಾಗಿ ಅವಳ ತಾತನನ್ನು ಬೆಳೆಸೋಣ ಅಂತ, ಗಡ್ಡ ಬಂತು, ಆದರೆ ಬೆಲ್, ಒಂದು ಕೆನ್ನೆಯ ಗಡ್ಡದ ನಡುವೆ ಹುಣಸೆಬೀಜದಷ್ಟು ಬೋಳು, ಅಲ್ಲಿ ಕೂದಲೇ ಹುಟ್ಟುತ್ತಿರಲಿಲ್ಲ, ಅವಳು ಅಲ್ಲಿ ಬೆರಳೊತ್ತಿದರೆ ಇವರು ಟಿಂಗ್ ಟಾಂಗ್, ಯಾರಮ್ಮಾ ಬಂದಿರೋದು, ತಾತ ಮನೇಲಿಲ್ಲ, ಅವಳು ಬಿದ್ದು ಬಿದ್ದು ನಗುತ್ತಿದ್ದಳು, ತಾತ ಮನೇಲಿಲ್ಲ – ನಿನ್ನೆ ಅರ್ಧ ಗಡ್ಡಕ್ಕೇ ಮಣಿಕಟ್ಟು ಸೋತಿತು, ಅಂಗಡಿಯ ಹುಡುಗಿ ಬಂದು, ಈ ಅರ್ಧಾನೇ ಕನ್ನಡಿಯಲ್ಲಿ ತಿರುಗಿಸಿದ ಹಾಗೆ ತಿರುಗಿಸಿ ಆ ಕೆನ್ನೆಗೆ ಅಂಟಿಸ್ಬಿಡಿ ಅಜ್ಜಿ, ಅಂಟಿಸಿದೆ, ಈಗ ಎರಡು ಬೋಳು, ಎರಡು ಬೆಲ್, ಒಂದನ್ನು ಮುಚ್ಚಬೇಕು, ಯಾವುದನ್ನು, ಮೊದಲು ಬರೆದದ್ದು ಎಡಗಡೆಯದು, ಅದೂ ನನ್ನ ಕೈಗೆ ಆ ಕಡೆ ಸಲೀಸು ಅಂತ, ನೆನಪಿದ್ದು ಅಲ್ಲ, ಕೆಲಸದಲ್ಲಿದ್ದ ಮಗಳಿಗೆ ಫೋನ್ ಮಾಡಿದೆ, ಬಲಗಡೆ ಅಲ್ವಾಮ್ಮ, ತಡಿ, ಎಡಗಡೆ ಇರ್ಬೇಕು, ಅಯ್ಯೋ, ನಿನಗಲ್ದೆ ಇನ್ಯಾರಿಗಮ್ಮ ಗೊತ್ತಿರತ್ತೆ – ಹೌದು, ನನಗಲ್ಲದೆ ಇನ್ಯಾರಿಗೆ, ದಿನಾ ಒದ್ದೆ ಬಟ್ಟೆಯಲ್ಲಿ ಆ ಮುಖ ಒರೆಸಿದವಳು ನಾನು, ಕಣ್ಣು ಮುಚ್ಚಿ ಕೈಯನ್ನೇ ಕೇಳುತ್ತೇನೆ, ಬಟ್ಟೆ ಹಣೆಯಿಂದ ಕೆನ್ನೆಗೆ ಇಳಿಯುತ್ತದೆ, ಗಡ್ಡ ಗರಗರ, ಇನ್ನೇನು ಆ ನುಣುಪು ಸಿಗಬೇಕು, ಸಿಗುವುದಿಲ್ಲ, ಮತ್ತೆ ಹಣೆಯಿಂದ, ಮತ್ತೆ ಗರಗರ, ಆ ಕಡೆಗೂ ಈ ಕಡೆಗೂ ಬರೀ ಗರಗರ, ಹಿಡಿ ಗಡ್ಡದೊಳಗಿನ ಒಂದು ಗುರುತು ಇಟ್ಟುಕೊಳ್ಳಲಾರದವಳು ಇಷ್ಟು ವರ್ಷ ಏನು ನೋಡಿದೆ, ಇವತ್ತು ಬೆಳಿಗ್ಗೆ ಕೊನೆಗೆ ಮೊಮ್ಮಗಳನ್ನೇ ತೊಡೆಯ ಮೇಲೆ ಕೂರಿಸಿಕೊಂಡೆ, ಪುಟ್ಟೀ, ತಾತನ ಬೆಲ್ ಎಲ್ಲಿತ್ತು ತೋರ್ಸು, ಬೆರಳೆತ್ತಿದಳು, ಗಾಳಿಯಲ್ಲಿ, ತಾತನ ಮುಖ ಇರುವಷ್ಟು ಎತ್ತರಕ್ಕೆ, ಇತ್ತ ತಂದಳು, ಅತ್ತ ಒಯ್ದಳು, ನಡುವೆ ನಿಲ್ಲಿಸಿ ನನ್ನ ಮುಖ ನೋಡಿದಳು, ಎರಡೂ ಕಡೆ ಇಟ್ಬಿಡು ಅಜ್ಜಿ, ನೀನು ಅಳ್ಬೇಡ, ಅಷ್ಟು ಚಿಕ್ಕದು, ನನಗೋಸ್ಕರ ತನ್ನ ಮರೆವನ್ನು ಮುಚ್ಚಿಟ್ಟಿತು – ಈಗ ಮತ್ತೆ ಅಂಗಡಿಯಲ್ಲಿ, ಬಾಣ ಎರಡು ಬೋಳುಗಳ ನಡುವೆ ನಿಂತಿದೆ, ಹುಡುಗಿ ದೂರದಿಂದ, ಮುದ್ರಣಕ್ಕೆ ಹಾಕ್ಲಾ ಅಜ್ಜಿ, ಹಾಕು ಅನ್ನಲೇ, ಯಾವ ಕಡೆ ಒತ್ತಿದರೂ ತಾತ ಮನೇಲಿಲ್ಲ, ಆ ಬೆರಳು, ಎಡಕ್ಕಲ್ಲ, ಬಲಕ್ಕಲ್ಲ, ಗಾಳಿಯಲ್ಲಿ, ಆ ಪುಟ್ಟ ಬೆರಳು –