ಬಸವಣ್ಣನ ಬಾಲದಿಂದ ಇಪ್ಪತ್ತೊಂದು ಹೆಜ್ಜೆ

ಸಿಂದಗಿಯ ಹಳೆಯ ರುದ್ರಭೂಮಿಯ ನಡುವೆ ದೇಸಾಯರ ಗದ್ದುಗೆ. ಕರಿಕಲ್ಲಿನ ಕಟ್ಟೆ, ಅದರ ಮುಂದೆ ಕಲ್ಲಿನ ಬಸವಣ್ಣ. ಹೊಸ ರಸ್ತೆ ಅದೊಂದನ್ನು ಬಿಟ್ಟು ಸುತ್ತುಬಳಸಿ ಹೋಗುವುದಿತ್ತು. ಉಳಿದ ಸಮಾಧಿಗಳ ಮೇಲೆ ನಾಳೆ ಬೆಳಿಗ್ಗೆ ರೋಲರು. ಬೇಕಾದವರು ಇಂದು ಸಂಜೆಯೊಳಗೆ ತಮ್ಮವರ ಎಲುಬು ತೆಗೆದು, ಕಾರಕೂನ ಬಸಂತರಾಯನ ಹತ್ತಿರ ಹೆಸರು ಬರೆಸಿ, ಊರಾಚೆಯ ಹೊಸ ಜಾಗಕ್ಕೆ ಒಯ್ಯಬೇಕು.

ಕಸ್ತೂರೆವ್ವ ಮಗನ ಸಮಾಧಿ ಕಂಡವಳಲ್ಲ. ಶ್ರೀಶೈಲ ಆರು ವರ್ಷದವನಿದ್ದಾಗ, ಅರವತ್ತೆರಡರ ವಾಂತಿಭೇದಿಯಲ್ಲಿ ಹೋದ. ಕೂಸಿನ ಮಣ್ಣಿಗೆ ಹೆತ್ತವಳು ಹೋಗಬಾರದೆಂದು ಅತ್ತೆ ಬಾಗಿಲಿಗೆ ಅಡ್ಡ ಕೂತಿದ್ದಳು. ಮಕ್ಕಳಿಗೆ ಕಲ್ಲು ನಿಲ್ಲಿಸುವ ಪದ್ಧತಿ ಮನೆತನದಲ್ಲಿಲ್ಲ. ನಾಯಿನರಿ ಕೆದರದಂತೆ ಮುಳ್ಳು ಹೇರಿ ಬರುತ್ತಾರೆ, ಅದು ಎರಡು ಮಳೆಗಾಲ ಬಾಳುವುದಿಲ್ಲ. ಗಂಡ ಖಂಡೆಪ್ಪ ಬಂದು ಹೇಳಿದ್ದು ಒಂದೇ ಮಾತು: “ಬಸವಣ್ಣನ ಬಾಲದಿಂದ ನೆಟ್ಟಗ ಇಪ್ಪತ್ತೊಂದ ಹೆಜ್ಜಿ.” ಹೋದ ವರ್ಷ ಅವನೂ ಸತ್ತು ಹೊಸ ಜಾಗದಲ್ಲಿ ಮಣ್ಣಾದ. ಮಗನನ್ನು ಅವನ ಮಗ್ಗುಲಿಗೆ ಸೇರಿಸಿಬಿಟ್ಟರೆ ಸಾಕಿತ್ತು ಅವಳಿಗೆ.

ಬಾಲಕ್ಕೆ ಬೆನ್ನು ಹಚ್ಚಿ ಇಪ್ಪತ್ತೊಂದು ಹೆಜ್ಜೆ ನಡೆದು ನಿಂತಳು. ಅಗೆಯಲು ಬಂದಿದ್ದ ಮಲ್ಲಣ್ಣ ನಕ್ಕ.

“ಯಕ್ಕಾ, ಇದು ಕೋಳಿ ಹೆಜ್ಜಿ. ಖಂಡೆಪ್ಪಣ್ಣ ಒಂಟೆ ನಡದಂಗ ನಡೀತಿದ್ದ.”

“ಹಂಗಾರ ನೀನ ನಡಿಯಪ್ಪಾ. ಅವನಷ್ಟ ಎತ್ತರ ಅದಿ.”

ಮಲ್ಲಣ್ಣ ಉದ್ದುದ್ದ ಹೆಜ್ಜೆ ಹಾಕಿ, ನಿಂತಲ್ಲಿ ಅಗೆದ. ಸೊಂಟದ ಆಳದವರೆಗೆ ಬರೀ ಎರೆಮಣ್ಣು. ಮಗ್ಗುಲಿಗೆ ಅಗೆದ. ಅಲ್ಲಿಯೂ ಇಲ್ಲ. ಹೊತ್ತು ವಾಲಿತು.

ಕಟ್ಟೆಯ ನೆರಳಿನಲ್ಲಿದ್ದ ಬಸಂತರಾಯ ಎದ್ದು ಬಂದ. “ಯವ್ವಾ, ಈ ಬಸವಣ್ಣನ್ನ ನಂಬಿ ಹೆಜ್ಜಿ ಅಳ್ಯಾಕತ್ತೀಯೇನ? ಮೂರು ವರ್ಸದ ಹಿಂದ ಗದ್ದುಗಿ ದುರಸ್ತಿ ಆತಲ್ಲ, ಆವಾಗ ಮಕಾ ಮೂಡಣಕ್ಕಿರಲಿ ಅಂತ ಎತ್ತಿ ಈ ಕಡೆ ಕೂಡಿಸ್ಯಾರ.”

ಕಸ್ತೂರೆವ್ವ ಬಸವಣ್ಣನ ಕಡೆ ತಿರುಗಿದಳು. “ಮೊದಲ ಎಲ್ಲಿತ್ರಿ ರಾಯರ?”

“ಬಡಗಣಕ್ಕೋ ತೆಂಕಣಕ್ಕೋ. ಯಾಂವ ನೆನಪಿಟ್ಟಾನ?”

ಬಡಗಣದಲ್ಲಿ ಆಗಲೇ ಆಳೆತ್ತರಕ್ಕೆ ಜಲ್ಲಿ ಸುರುವಿದ್ದರು. ಮಲ್ಲಣ್ಣ ತೆಂಕಣಕ್ಕೆ ಇಪ್ಪತ್ತೊಂದು ಹೆಜ್ಜೆ ನಡೆದು ಗುದ್ದಲಿ ಹಾಕಿದ. ಬಹಳ ಹೊತ್ತಿನ ಮೇಲೆ ಕುಣಿಯಿಂದ ಅವನ ದನಿ ಬಂತು.

“ಯಕ್ಕಾ, ಇದು ಕೂಸಲ್ಲ. ತೊಡಿ ಎಲುಬು ನಂದಷ್ಟೈತಿ. ಮುಚ್ಚತೇನಿ.”

“ಮುಚ್ಚಬ್ಯಾಡ.”

ಅವಳೇ ಕುಣಿಗಿಳಿದಳು. ಒಂದೊಂದೇ ಎಲುಬಿನ ಮಣ್ಣು ಒರೆಸಿ ಮೇಲಿಟ್ಟಳು. ಆರು ವರ್ಷದವನ ಅಳತೆಗೆ ಹರಿದು ತಂದ ಬಿಳಿ ಅರಿವೆ ಸಾಲಲಿಲ್ಲ. ಮಲ್ಲಣ್ಣ ತನ್ನ ತಲೆಯ ರುಂಬಾಲು ಬಿಚ್ಚಿ ಕೊಟ್ಟ; ಅವಳು ಅದರಲ್ಲಿ ಗಂಟು ಕಟ್ಟಿದಳು.

“ಹೆಸರು?” ಎಂದ ಬಸಂತರಾಯ.

“ಶ್ರೀಶೈಲ ಖಂಡೆಪ್ಪ. ಆರು ವರ್ಸ.”

ಅವನು ಗಂಟಿನ ಕಡೆ ನೋಡಿದ. “ಆರು ವರ್ಸದ ಹುಡುಗನ ಎಲುಬು ಇಷ್ಟುದ್ದ ಇರತಾವೇನವಾ?”

“ಹೋಗಿ ಹನ್ನೆರಡು ವರ್ಸ ಆತಲ್ರಿ. ಇದ್ದಿದ್ರ ಇಷ್ಟ ದೊಡ್ಡಾಂವ ಆಗಿರತಿದ್ದ. ಬರೀರಿ.”